ಇಲ್ಲದ ರಸ್ತೆ — ಕಂತು ಏಳು: ಮೂರು ಗಾಜಿನ ಕನ್ನಡಕ

“ನನ್ನ ಮಗಳು ಕಳ್ಳಿಯಲ್ಲ,” ಅಂದರು ಅತ್ತೆ, ಕುರ್ಚಿಯಲ್ಲಿ ಇನ್ನಷ್ಟು ಭದ್ರವಾಗಿ ಕೂರುತ್ತ. “ಸೋಮಾರಿ ಅನ್ನಿ, ಒಪ್ಕೋತೀನಿ. ಬಾಯಿ ಜಾಸ್ತಿ ಅನ್ನಿ, ಅದನ್ನೂ ಒಪ್ಕೋತೀನಿ. ಎದ್ದ ಮೇಲೆ ಹಾಸಿಗೆ ಮಡಿಸಲ್ಲ ಅನ್ನಿ…”

“ಅಮ್ಮಾ!”

“ಸುಮ್ನಿರೇ ಪುಟ್ಟಿ, ನಿನ್ನ ಪರವಾಗೇ ಮಾತಾಡ್ತಿದೀನಿ.”

ಕನ್ನಡಕದ ಕಂಪನಿಯ ಮಾಲೀಕರು ಹಣೆ ಒತ್ತಿಕೊಂಡರು. ಅವರ ಮೈಮೇಲೆ ಮೂರು ಕನ್ನಡಕಗಳಿದ್ದವು: ಒಂದು ಮೂಗಿನ ಮೇಲೆ, ಒಂದು ನೆತ್ತಿಯ ಮೇಲೆ, ಒಂದು ಕೊರಳ ದಾರದಲ್ಲಿ. ಮೂರರಲ್ಲಿ ಯಾವುದನ್ನು ಹಾಕಿಕೊಂಡು ನೋಡಿದರೂ ಅತ್ತೆ ಅಷ್ಟೇ ದೊಡ್ಡದಾಗಿ ಕಾಣುತ್ತಿದ್ದರು.

ಗಿರಾಕಿಗಳ ಆರ್ಡರುಗಳು ಅಂಗಡಿಯಿಂದ ಹೊರಟು ಕಾರ್ಖಾನೆ ಸೇರದೆ ಮಾಯವಾಗುತ್ತಿದ್ದವು; ಎರಡರ ನಡುವಿನ ದಾರಿ ನೋಡಿಕೊಳ್ಳುವವಳು ಪುಟ್ಟಿಯಾದ್ದರಿಂದ, ಸಂಜೆ ಶಟರ್ ಎಳೆಯುವುದರೊಳಗೆ ಕಾರಣ ಸಿಗದಿದ್ದರೆ ಅವಳ ಕೆಲಸ ಹೋಗುತ್ತದೆ, ಪೊಲೀಸರಿಗೆ ದೂರೂ ಹೋಗುತ್ತದೆ ಎಂದು ಮಾಲೀಕರು ಹೇಳಿಯಾಗಿತ್ತು.

ಹುಡುಕಲು ಬಂದವಳು ಪತ್ತೇದಾರಿಣಿ, ಪುಟ್ಟಿಯ ಅತ್ತಿಗೆ, ಈ ಅತ್ತೆಯ ಸೊಸೆ. ಕಂಪ್ಯೂಟರುಗಳ ಹೊಟ್ಟೆಯಲ್ಲಿ ಕಳೆದುಹೋದದ್ದನ್ನು ಹುಡುಕಿಕೊಡುವುದೇ ಅವಳ ಕಸುಬು. ಅತ್ತೆಯನ್ನು ಯಾರೂ ಕರೆದಿರಲಿಲ್ಲ. ಸೊಸೆ ಕಾರಿನ ಬಾಗಿಲು ತೆಗೆದಾಗ ಅವರು ಹಿಂದಿನ ಸೀಟಿನಲ್ಲಿ ಆಗಲೇ ಕೂತಿದ್ದರು, ಅಷ್ಟೆ.

“ಮಾವ, ಸಂಜೆ ತನಕ ಯಾಕೆ ಕಾಯೋದು?” ಅಂದ ಕಿಟಕಿಗೆ ಒರಗಿದ್ದ ಮಾಲೀಕರ ಅಳಿಯ. ಕಂಪನಿಗೆ ಮ್ಯಾನೇಜರೂ ಅವನೇ. ಯಾವುದು ಮೊದಲು ಆದದ್ದು ಎಂದು ಯಾರೂ ಕೇಳುತ್ತಿರಲಿಲ್ಲ. “ದಾರಿ ಇವಳದು, ಕೀಲಿಕೈ ಇವಳದು. ಬೇಲಿಯೇ ಎದ್ದು ಹೊಲ ಮೇಯ್ದಿದೆ. ಇನ್ನೇನು ಸಾಕ್ಷಿ ಬೇಕು?”

“ಬೇಲಿ ಮೇಯ್ದಿದ್ರೆ ಇಷ್ಟು ಸಣ್ಣ ಇರ್ತಿದ್ಲಾ ನನ್ನ ಮಗಳು?” ಅಂದರು ಅತ್ತೆ.

ಪತ್ತೇದಾರಿಣಿ ಇದಾವುದನ್ನೂ ಕೇಳಿಸಿಕೊಳ್ಳುತ್ತಿರಲಿಲ್ಲ. ಅವಳು ಗಾಜಿನ ಗೋಡೆಯಾಚೆಯ ಹಜಾರವನ್ನು ನೋಡುತ್ತಿದ್ದಳು.

ಅಲ್ಲಿ ಕನ್ನಡಕ ಬಾರದವರ ಸಂತೆ. ಹಳೆಯದನ್ನು ಕೊಟ್ಟು ಹೊಸದಕ್ಕೆ ಕಾದವರು, ಮುರಿದದ್ದನ್ನು ಜೇಬಿನಲ್ಲಿಟ್ಟುಕೊಂಡು ಬಂದವರು, ಎಲ್ಲರೂ ಕಣ್ಣು ಕಿರಿದು ಮಾಡಿಕೊಂಡು ಕೂತಿದ್ದರು. ನಿವೃತ್ತ ಮೇಷ್ಟರೊಬ್ಬರು ಕನ್ನಡಕ ತೊಡಿಸಿಟ್ಟಿದ್ದ ಪ್ಲಾಸ್ಟಿಕ್ ತಲೆಯೊಂದನ್ನು ಗದರುತ್ತಿದ್ದರು: “ದೊಡ್ಡವರು ಕೇಳಿದರೆ ಉತ್ತರ ಕೊಡೋದು ಕಲಿ.” ಬಸ್ಸಿನ ಡ್ರೈವರ್ ತಾನು ಈ ದಿನಗಳಲ್ಲಿ ರಜೆ ಹಾಕಿರುವುದಾಗಿ ಎಲ್ಲರಿಗೂ ಸಮಾಧಾನ ಹೇಳುತ್ತಿದ್ದ. ಹೆಣಿಗೆ ಹಾಕುತ್ತ ಕೂತಿದ್ದ ಹೆಂಗಸು ಪಕ್ಕದವಳ ಶಾಲಿನ ಅಂಚನ್ನೂ ತನ್ನ ಸ್ವೆಟರಿಗೆ ಸೇರಿಸಿ ಹೆಣೆದುಬಿಟ್ಟಿದ್ದಳು. ಇಬ್ಬರಿಗೂ ಇನ್ನೂ ಗೊತ್ತಾಗಿರಲಿಲ್ಲ.

“ಪುಟ್ಟಿ,” ಅಂದಳು ಪತ್ತೇದಾರಿಣಿ. “ಮಾಯವಾದ ಆರ್ಡರಿಗೆ ಆ ಕಡೆಯಿಂದ ಏನಾದರೂ ಉತ್ತರ ಬಂದಿತ್ತಾ?”

“ಅದೇ ಅತ್ತಿಗೆ ನನ್ನ ತಲೆ ಕೆಡಿಸಿರೋದು. ಒಂದೊಂದಕ್ಕೂ ‘ತಲುಪಿದೆ’ ಅಂತ ಉತ್ತರ ಬಂದಿದೆ. ಕಾರ್ಖಾನೆಯವರು ಮಾತ್ರ ಏನೂ ಬಂದಿಲ್ಲ ಅಂತಾರೆ.”

“ಊಟ ಆಯ್ತಾ ಅಂದ್ರೆ ಆಯ್ತು ಅಂತಾನಂತೆ, ಬಡಿಸಿದ ತಟ್ಟೆ ಹಾಗೇ ಇದೆ ಅಂತೆ,” ಅಂದರು ಅತ್ತೆ, ಸೊಸೆಯ ಕಡೆ ತಿರುಗಿ. “ಇಂಥವನನ್ನ ಒಬ್ಬನನ್ನ ನಾನು ಸಾಕಿದ್ದೀನಿ, ನಿನ್ನ ಗಂಡ. ಅದಿರಲಿ, ಈ ದಾರಿ ದಾರಿ ಅಂತೀರಲ್ಲ, ಎಲ್ಲಿದೆ ಅದು? ಬರುವಾಗ ನನಗೆ ಯಾವ ದಾರಿಯೂ ಕಾಣಲಿಲ್ಲ.”

ಪುಟ್ಟಿ ನಿಟ್ಟುಸಿರು ಬಿಟ್ಟಳು. ಪತ್ತೇದಾರಿಣಿ ಅತ್ತೆಯ ಕಡೆ ತಿರುಗಿದಳು. ಅತ್ತೆಗೆ ಅರ್ಥವಾಗದಿದ್ದರೆ ಪ್ರಶ್ನೆ ನಿಲ್ಲುವುದಿಲ್ಲ, ಪ್ರಶ್ನೆ ನಿಲ್ಲದಿದ್ದರೆ ಸಂಜೆಯಾಗಿಬಿಡುತ್ತದೆ.

“ಅತ್ತೆ, ಒಂದು ಆ್ಯಪ್ ನಡೆಯೋದಕ್ಕೆ ಏನೇನು ಬೇಕೋ ಎಲ್ಲಾ ಸೇರಿಸಿ ಒಂದು ಬುತ್ತಿ ಕಟ್ಟುತ್ತಾರೆ. ಎಲ್ಲಿ ಬಿಚ್ಚಿದರೂ ಉಪ್ಪು ಸಮೇತ ಒಳಗೇ ಇರುತ್ತೆ. ಅದಕ್ಕೆ ಕಂಟೇನರ್ ಅಂತಾರೆ. ಇಂಥ ಬುತ್ತಿಗಳನ್ನ ನೋಡಿಕೊಳ್ಳೋ ಕಂಪ್ಯೂಟರುಗಳ ಗುಂಪಿಗೆ ಕ್ಲಸ್ಟರ್ ಅಂತಾರೆ. ಈ ಕಟ್ಟಡದಲ್ಲಿರೋ ಗುಂಪಿನ ಹೆಸರು ‘ಅಂಗಡಿ’. ಊರಾಚೆ ಗಾಜು ಕೊರೆಯೋ ಜಾಗದಲ್ಲಿರೋ ಗುಂಪಿನ ಹೆಸರು ‘ಕಾರ್ಖಾನೆ’.”

“ಎರಡು ಒಟ್ಟು ಕುಟುಂಬ ಅನ್ನು.”

“ಹಾಗೇ ಅನ್ಕೊಳ್ಳಿ. ಒಂದೇ ಮನೆಯಲ್ಲಾದರೆ ಈ ಕೋಣೆಯಿಂದ ಕೂಗಿದರೆ ಆ ಕೋಣೆಗೆ ಕೇಳಿಸುತ್ತೆ. ಬೇರೆ ಮನೆಯ ಒಳಕೋಣೆಗೆ ಕೂಗೋಕಾಗಲ್ಲ. ಅದಕ್ಕೇ ಪುಟ್ಟಿ, ಇರೋ ರಸ್ತೆಗಳ ಮೇಲೆ ಇಲ್ಲದ ರಸ್ತೆ ಒಂದನ್ನ ಹಾಸಿದ್ದಾಳೆ. ಓವರ್‌ಲೇ ಅಂತಾರೆ.”

ಅತ್ತೆ ಮಗಳನ್ನು ಮೇಲಿಂದ ಕೆಳಗೆ ನೋಡಿದರು. “ಇಲ್ಲದ ರಸ್ತೆಗಾ ಇಷ್ಟು ದಿನ ಸಂಬಳ ತಗೋತಿದ್ದೆ?”

“ಕೆಲಸ ಮಾಡುತ್ತೆ ಅಮ್ಮಾ ಅದು!” ಅಂದಳು ಪುಟ್ಟಿ. “ಆರ್ಡರಿನ ಮೇಲೆ ‘ಕಾರ್ಖಾನೆ’ ಅಂತಷ್ಟೇ ಇರುತ್ತೆ. ನಮ್ಮ ಹೆಬ್ಬಾಗಿಲಲ್ಲಿ ಅದನ್ನ ಇನ್ನೊಂದು ಲಕೋಟೆಯೊಳಗೆ ಹಾಕಿ, ಹೊರಗಡೆ ನಿಜವಾದ ವಿಳಾಸ ಬರೆದು ಬೀದಿಗೆ ಬಿಡುತ್ತೆ. ಆ ಕಡೆಯ ಹೆಬ್ಬಾಗಿಲಲ್ಲಿ ಹೊರಗಿನ ಲಕೋಟೆ ಹರಿದು ಒಳಗಿನದನ್ನ ಒಳಗೆ ಕಳಿಸುತ್ತೆ. ಅಲ್ಲಿರೋ ಆ್ಯಪಿಗೆ ಪಕ್ಕದ ಕೋಣೆಯಿಂದ ಬಂತು ಅಂತಲೇ ಅನ್ನಿಸುತ್ತೆ. ನಡುವೆ ಬಿಸಿಲಿತ್ತೋ ಟ್ರಾಫಿಕ್ಕಿತ್ತೋ ಅದಕ್ಕೇನೂ ಗೊತ್ತಾಗಲ್ಲ.”

ಏಳು ಸಮುದ್ರದಾಚೆ ಒಂದು ಮರ, ಮರದ ಪೊಟರೆಯಲ್ಲಿ ಪಂಜರ, ಪಂಜರದಲ್ಲಿ ಗಿಳಿ, ಗಿಳಿಯ ಕೊರಳಲ್ಲಿ ರಾಕ್ಷಸನ ಪ್ರಾಣ ಎಂದು ಕೇಳುತ್ತ ನಿದ್ದೆ ಹೋದವರಿಗೆ ಲಕೋಟೆಯೊಳಗೊಂದು ಲಕೋಟೆ ಏನು ಮಹಾ. ಆ ಕಥೆಯಲ್ಲಿ ಕಷ್ಟದ ಕೆಲಸ ಏಳು ಸಮುದ್ರ ದಾಟುವುದಲ್ಲ. ಗಿಳಿ ಎಲ್ಲಿದೆ ಅಂತ ರಾಕ್ಷಸನ ಬಾಯಿಂದಲೇ ಹೇಳಿಸಬೇಕಲ್ಲ, ಅದು.

“ಉತ್ತರಗಳನ್ನ ತೋರಿಸು,” ಅಂದಳು ಪತ್ತೇದಾರಿಣಿ.

ಪುಟ್ಟಿ ಪರದೆ ತಿರುಗಿಸಿದಳು. ಸರಿಯಾಗಿ ತಲುಪಿ ಕನ್ನಡಕವಾಗಿ ಬಂದ ಆರ್ಡರಿನ ಉತ್ತರ ಒಂದು ಕಡೆ, ಮಾಯವಾದದ್ದರ ಉತ್ತರ ಇನ್ನೊಂದು ಕಡೆ.

ಮೊದಲನೆಯದು: ‘ನಿಮ್ಮ ಆರ್ಡರ್ ತಲುಪಿದೆ.’

ಎರಡನೆಯದು: ‘ನಿಮ್ಮ ಆರ್ಡರ್ ತಲುಪಿದೆ. ನಿಮ್ಮ ಲೋಕ ಬೆಳಗಲಿ!’

ಪತ್ತೇದಾರಿಣಿ ಇನ್ನೊಂದು ಜೊತೆ ತೆರೆದಳು. ಮತ್ತೊಂದು ತೆರೆದಳು. ಕನ್ನಡಕ ಸಿಕ್ಕವರಿಗೆ ಒಣ ಮಾತು. ಸಿಗದವರಿಗೆಲ್ಲ ಲೋಕ ಬೆಳಗಿತ್ತು.

“ಈ ಲೋಕ ಬೆಳಗಿಸಿದ್ದು ಯಾರು?”

ಮಾಲೀಕರು ಮೂಗಿನ ಮೇಲಿನ ಕನ್ನಡಕ ತೆಗೆದು ಒರೆಸಿದರು. “ನಾನೇ. ಮೂರು ರಾತ್ರಿ ಕೂತು ಬರೆದ ಸಾಲು ಅದು. ಆಮೇಲೆ ತೆಗೆಸಿದೆ.”

“ಯಾಕೆ?”

“ಒಬ್ಬರಿಗೆ ಕನ್ನಡಕ ತಡವಾಯ್ತು. ಮೆಟ್ಟಿಲು ಕಾಣದೆ ಜಾರಿದರು. ಕುಂಟಿಕೊಂಡು ಬಂದು, ‘ಎಲ್ರೀ ನನ್ನ ಲೋಕ, ಎಲ್ರೀ ಬೆಳಗಿತು’ ಅಂತ ಎಲ್ಲರೆದುರಿಗೆ ಕೇಳಿದರು.” ಅವರ ದನಿಯಲ್ಲಿ ಇನ್ನೂ ನೋವಿತ್ತು. “ಕಾರ್ಖಾನೆಯ ಆ್ಯಪಿನಿಂದ ಆ ಸಾಲನ್ನ ಅವತ್ತೇ ತೆಗೆಸಿದೆ. ತುಂಬ ದಿನ ಆಯ್ತು.”

“ಆದರೆ ಯಾರೋ ಇನ್ನೂ ಹೇಳ್ತಿದ್ದಾರೆ,” ಅಂದಳು ಪತ್ತೇದಾರಿಣಿ. “ಅಂದರೆ ನಿಮ್ಮ ಕಾರ್ಖಾನೆಯ ಹಳೇ ನಕಲೊಂದು ಎಲ್ಲೋ ಬದುಕಿದೆ. ಆರ್ಡರ್ ತಗೊಳ್ಳುತ್ತೆ, ನಿಮ್ಮ ಹಳೇ ಸಾಲು ಹೇಳುತ್ತೆ, ಸುಮ್ಮನಾಗುತ್ತೆ. ಅದರ ಹಿಂದೆ ಗಾಜು ಕೊರೆಯೋರು ಯಾರೂ ಇಲ್ಲ. ಯಾರ ಹತ್ತಿರ ಇದೆ ಆ ನಕಲು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಒಬ್ಬರು ಇದ್ದೇ ಇರುತ್ತಾರೆ. ಅಳಿಯ ಹೆಗಲು ಮುಟ್ಟಿಕೊಳ್ಳಲಿಲ್ಲ, ಟೈ ಸರಿಮಾಡಿಕೊಂಡ.

ಅತ್ತೆಗೆ ಅಷ್ಟು ಸಾಕಾಯಿತು. “ಇವನೇ,” ಅಂದರು.

“ಅತ್ತೆ, ಹಾಗೆಲ್ಲ ಹೇಳಬಾರದು,” ಅಂದಳು ಪತ್ತೇದಾರಿಣಿ, ಅಳಿಯನ ಮುಖದಿಂದ ಕಣ್ಣು ತೆಗೆಯದೆ. “ನೀವೇ ಹೇಳ್ತೀರಾ ಸರ್, ಅಥವಾ ಪುಟ್ಟಿ ಹೇಳಬೇಕಾ?”

“ನನಗೇನು ಗೊತ್ತು? ನಾನು ಆಡಳಿತ ನೋಡಿಕೊಳ್ಳೋನು. ಈ ಬುತ್ತಿಗಿತ್ತಿ ಎಲ್ಲ ಇವಳದ್ದು.”

“ನಕಲು ಮಾಡೋಕೆ ಪುಟ್ಟಿಗೆ ಯಾರು ಹೇಳಿದ್ದು?”

“ಯಾರೂ ಹೇಳಿಲ್ಲ.”

ಪುಟ್ಟಿ ಎದ್ದು ನಿಂತಳು. ಇಷ್ಟು ಹೊತ್ತು ತಗ್ಗಿದ್ದ ಅವಳ ತಲೆ ಈಗ ಅಮ್ಮನ ತಲೆಯ ಹಾಗೆಯೇ ನಿಂತಿತು. “ಸರ್, ನಾನು ಬಾಯಿ ಬಿಡಬಾರದು ಅಂತ ನೀವು ಹೇಳಿದ್ದಕ್ಕೆ ಇಷ್ಟು ದಿನ ಸುಮ್ಮನಿದ್ದೆ. ಈಗ ನನ್ನನ್ನೇ ಪೊಲೀಸರಿಗೆ ಕೊಡ್ತೀನಿ ಅಂತೀರಾ?”

“ಏನು ಹೇಳಬಾರದು ಅಂದಿದ್ರಿ?” ಮಾಲೀಕರು ನೆತ್ತಿಯ ಮೇಲಿನ ಕನ್ನಡಕವನ್ನೂ ಇಳಿಸಿಕೊಂಡರು.

“ಮಾವ, ಅದು ಅಭ್ಯಾಸಕ್ಕೆ…”

“ಯಾವ ಅಭ್ಯಾಸ?”

“ಒಂದು ದೊಡ್ಡ ಕಂಪನಿಯವರಿಗೆ ನಮ್ಮ ವ್ಯವಸ್ಥೆ ತೋರಿಸೋಣ ಅಂತ. ಅಸಲಿ ಕಾರ್ಖಾನೆಯ ಮೇಲೆ ಆಟ ಆಡೋದು ಬೇಡ ಅಂತ, ಒಂದು ಹಳೇ ಕಂಪ್ಯೂಟರಿನಲ್ಲಿ ನಕಲು ಮಾಡಿಸಿದೆ. ಮಧ್ಯಾಹ್ನದ ಹೊತ್ತು ಮೀಟಿಂಗ್ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡ್ತಿದ್ದೆ.”

“ನಮ್ಮ ವ್ಯವಸ್ಥೆ ಅಂತಾನಾ, ನಿಮ್ಮೊಬ್ಬರದೇ ವ್ಯವಸ್ಥೆ ಅಂತಾನಾ?” ಕೇಳಿದಳು ಪತ್ತೇದಾರಿಣಿ.

ಅಳಿಯ ನೀರು ಕುಡಿದ.

“ಸುಳ್ಳು ಗಿರಾಕಿಯಾಗಿ ಆರ್ಡರ್ ಹಾಕ್ತಿದ್ರು ಅತ್ತಿಗೆ,” ಅಂದಳು ಪುಟ್ಟಿ. “ಎಲ್ಲಾ ಇವರ ಹೆಸರೇ. ಹೆಸರಿನ ಮುಂದೆ ‘ಕಂಪನಿ ಡೈರೆಕ್ಟರ್’ ಅಂತ.”

“ಡೈರೆಕ್ಟರಾ?” ಅಂದರು ಮಾಲೀಕರು. “ನಾನಿನ್ನೂ ಇದ್ದೀನಲ್ಲಪ್ಪಾ.”

“ಅದು… ದೂರದೃಷ್ಟಿ, ಮಾವ.”

“ದೂರದೃಷ್ಟಿಗೆ ನಮ್ಮಲ್ಲಿ ಬೇರೆ ಗಾಜೇ ಇದೆ,” ಅಂದರು ಮಾಲೀಕರು. ಅತ್ತೆ ಮೊದಲ ಬಾರಿಗೆ ಅವರನ್ನು ಮೆಚ್ಚುಗೆಯಿಂದ ನೋಡಿದರು.

ಪತ್ತೇದಾರಿಣಿ ನಗಲಿಲ್ಲ. “ಆ ನಕಲಿಗೆ ಏನು ಹೆಸರಿಟ್ಟೆ ಪುಟ್ಟಿ?”

ಪುಟ್ಟಿಯ ಮುಖ ಸಣ್ಣದಾಯಿತು. “‘ಅಭ್ಯಾಸ’ ಅಂತ ಇಡ್ತೀನಿ ಅಂದೆ. ಇವರು ಕೇಳಲಿಲ್ಲ. ನೋಡೋಕೆ ಬಂದವರಿಗೆ ಅನುಮಾನ ಬರುತ್ತೆ, ಅಸಲಿಗೂ ಇದಕ್ಕೂ ಕೂದಲಷ್ಟೂ ವ್ಯತ್ಯಾಸ ಇರಬಾರದು ಅಂತ ಹಠ ಹಿಡಿದರು. ಅದಕ್ಕೆ…”

“ಅದಕ್ಕೂ ‘ಕಾರ್ಖಾನೆ’ ಅಂತಲೇ ಹೆಸರು.”

“ಹೂಂ. ಆಗ ಅದನ್ನ ಹೊರಗಿನ ದಾರಿಗೆ ಸೇರಿಸಿರಲಿಲ್ಲ ಅತ್ತಿಗೆ! ಒಂದು ಕೋಣೆಯೊಳಗೇ ಇತ್ತು.”

“ಅಭ್ಯಾಸ ಮುಗಿದ ಮೇಲೆ?”

“ಪ್ಲಗ್ ಕಿತ್ತು ಗುಜರಿಗೆ ಹಾಕು ಅಂದೆ,” ಅಂದ ಅಳಿಯ. “ಇಷ್ಟೇ ನನ್ನ ತಪ್ಪು. ಮಿಕ್ಕಿದ್ದು ಇವಳನ್ನೇ ಕೇಳಿ.”

“ಕಿತ್ತೆ,” ಅಂದಳು ಪುಟ್ಟಿ.

“ಗುಜರಿಗೆ ಹಾಕಿದೆಯಾ?”

“ಪ್ಲಗ್ ಕಿತ್ತೆ ಅತ್ತಿಗೆ.”

“ನಾನು ಕೇಳಿದ್ದು ಗುಜರಿ.”

ಪುಟ್ಟಿ ತನ್ನ ಉಗುರು ನೋಡಿಕೊಂಡಳು. ಚಿಕ್ಕಂದಿನಲ್ಲಿ ಕಿಟಕಿ ಗಾಜು ಒಡೆದಾಗ ಅವಳು ಹೀಗೆಯೇ ಉಗುರು ನೋಡಿಕೊಳ್ಳುತ್ತಿದ್ದಳೆಂದು ಅತ್ತೆಗೆ ಗೊತ್ತಿತ್ತು. ಅವರು ಸೆರಗಿನಿಂದ ಸುಮ್ಮನೆ ಗಾಳಿ ಹಾಕಿಕೊಂಡರು.

ಪತ್ತೇದಾರಿಣಿ ಕುರ್ಚಿ ಎಳೆದುಕೊಂಡು ಪರದೆಯ ಮುಂದೆ ಕೂತಳು. ಒತ್ತಾಯಿಸಿದರೆ ನಾದಿನಿ ಇನ್ನೂ ಬಿಗಿಯಾಗುತ್ತಾಳೆ. ಮೆಷೀನಿಗೆ ಆ ಸಂಕೋಚವಿರುವುದಿಲ್ಲ.

ಈ ಇಲ್ಲದ ರಸ್ತೆಗೆ ಸೇರಿದ ಎಲ್ಲ ಗುಂಪುಗಳೂ ಓದುವ ಒಂದು ಹಲಗೆಯಿದೆ. ಸೇರುವಾಗ ಗುಟ್ಟಿನ ಪದ ಹೇಳಿ, ‘ನಾನು ಇಂಥವರು, ನನ್ನ ಬಾಗಿಲು ಇಲ್ಲಿದೆ’ ಅಂತ ಒಂದು ಸಾಲು ಬರೆಯಬೇಕು. ಒಂದು ಹೆಸರಿಗೆ ಒಂದೇ ಸಾಲು. ಪತ್ತೇದಾರಿಣಿ ‘ಕಾರ್ಖಾನೆ’ಯ ಸಾಲನ್ನು ತೆರೆದು, ಕೈಕಟ್ಟಿ ನೋಡುತ್ತ ಕೂತಳು.

ಸಾಲು ಬದಲಾಯಿತು.

ಸ್ವಲ್ಪ ಹೊತ್ತಿಗೆ ಹಿಂದಿನಂತೆಯೇ ಆಯಿತು. ಮತ್ತೆ ಬದಲಾಯಿತು.

“ದೆವ್ವಾನಾ?” ಅಂದರು ಮಾಲೀಕರು, ಮೂರು ಕನ್ನಡಕವನ್ನೂ ಒಟ್ಟಿಗೆ ಹಾಕಿಕೊಳ್ಳಲು ನೋಡುತ್ತ.

“ಇಬ್ಬರು ಇದ್ದಾರೆ. ಇಬ್ಬರಿಗೂ ಒಂದೇ ಹೆಸರು. ಇವನು ಬರೆದದ್ದನ್ನ ಅವನು ಅಳಿಸ್ತಾನೆ, ಅವನು ಬರೆದದ್ದನ್ನ ಇವನು. ಆರ್ಡರ್ ಹೊರಡೋ ಹೊತ್ತಿಗೆ ಹಲಗೆ ಮೇಲೆ ಯಾರ ವಿಳಾಸ ಇರುತ್ತೋ ಅವರಿಗೆ ಅದು ಸೇರುತ್ತೆ. ನಿಮ್ಮ ಮೇಷ್ಟರ ಕನ್ನಡಕ ನಕಲಿಯವನ ಪಾಲಾಯ್ತು.”

ಬೇಟೆಗೆ ಹೋದ ರಾಜ ಮರಳಿದಾಗ ಅಂತಃಪುರದ ಬಾಗಿಲಲ್ಲಿ ಒಂದೇ ಸೀರೆ, ಒಂದೇ ಮೂಗುತಿ, ಒಂದೇ ನಗೆಯ ಇಬ್ಬರು ರಾಣಿಯರು ಆರತಿ ಹಿಡಿದು ನಿಂತಿರುತ್ತಾರಲ್ಲ, ಆ ಕಥೆ ಇದು. ಒಬ್ಬಳು ರಾಕ್ಷಸಿ. ಯಾರು ಎಂದು ಕೇಳಿದರೆ ಇಬ್ಬರೂ ಅಳುತ್ತಾರೆ. ಹೀಗಾದಾಗ ಬುದ್ಧಿವಂತ ಮಂತ್ರಿ ಇಬ್ಬರಿಗೂ ಆಗದ ಕೆಲಸವೊಂದನ್ನು ಹೇಳುತ್ತಾನೆ. ಆಗದು ಅಂದವಳು ರಾಣಿ. ಆಗಲಿ ಅಂದವಳ ಕಾಲು ನೆಲಕ್ಕೆ ತಾಗುತ್ತಿರುವುದಿಲ್ಲ.

“ನಕಲಿಯವನ ವಿಳಾಸವೂ ಹಲಗೆ ಮೇಲೆ ಇದೆಯಲ್ಲ,” ಅಂದ ಅಳಿಯ. “ಹಿಡಿದುಬಿಡಿ.”

“ಅವನು ಬರೆದಿರೋದು ಮನೆಯೊಳಗಿನ ವಿಳಾಸ. ‘ನಡುಮನೆಯ ಎಡಗಡೆ ಕೋಣೆ’ ಅಂದ ಹಾಗೆ. ಯಾವ ಮನೆ ಅಂತ ಇಲ್ಲ, ಅವನೇ ನಮ್ಮ ಹೆಬ್ಬಾಗಿಲಿಗೆ ಬಂದು ಆರ್ಡರ್ ಒಯ್ತಾನೆ. ನಡುಮನೆ ಎಲ್ಲರ ಮನೆಯಲ್ಲೂ ಇರುತ್ತೆ. ಆದರೆ ಅವನು ಉತ್ತರ ಕಳಿಸಿದಾಗ ಆ ಲಕೋಟೆ ಬೀದಿಗೆ ಬರಲೇಬೇಕು. ಬೀದಿಗೆ ಬಂದ ಲಕೋಟೆಯ ಹೊರಗಡೆ ಮನೆಯ ನಿಜವಾದ ವಿಳಾಸ ಇರಲೇಬೇಕು. ನಾನು ಹೆಬ್ಬಾಗಿಲಲ್ಲಿ ಕೂತು ಅದನ್ನ ನೋಡ್ತೀನಿ. ಒಂದು ಆರ್ಡರ್ ಹಾಕೋಣ.”

“ಯಾರಿಗೆ?” ಅಂದರು ಮಾಲೀಕರು, ಅಭ್ಯಾಸಬಲದಿಂದ.

ಪತ್ತೇದಾರಿಣಿ ಜೋರಾಗಿ ಓದಿಕೊಳ್ಳುತ್ತ ಬೆರಳು ಆಡಿಸಿದಳು. ಗಿರಾಕಿಯ ಹೆಸರು: ಹೇಳಲು ಇಷ್ಟವಿಲ್ಲ. ಎಡಗಣ್ಣು: ದೂರ ಕಾಣುವುದಿಲ್ಲ. ಬಲಗಣ್ಣು: ಹತ್ತಿರ ಕಾಣುವುದಿಲ್ಲ. ವಿಶೇಷ ಸೂಚನೆ: ಮೂರನೇ ಗಾಜು ಬೇಕು, ಬೆನ್ನಹಿಂದೆ ಮಾತಾಡುವವರನ್ನು ನೋಡಲು.

“ಅದು ನನಗೆ ಹೇಳಿದ್ದಾ?” ಕೇಳಿದರು ಅತ್ತೆ.

“ಛೆ, ಇಲ್ಲ ಅತ್ತೆ.”

ಆರ್ಡರ್ ಹೊರಟಿತು. ಮೇಜಿನ ಫೋನು ಕೂಡಲೇ ಬಡಿದುಕೊಂಡಿತು. ಮಾಲೀಕರು ಎತ್ತುವ ಮೊದಲೇ ಕಾರ್ಖಾನೆಯ ಮೇಸ್ತ್ರಿಯ ಗಂಟಲು ಕೋಣೆ ತುಂಬಿತು.

“ಯಾರ್ರೀ ಅದು ಮೂರು ಗಾಜು ಕೇಳಿರೋದು? ಅರ್ಧ ವಾರ ಕೈಕಟ್ಟಿ ಕೂರಿಸಿ, ಈಗ ತಮಾಷೆ ಮಾಡ್ತೀರಾ? ಮೂರನೇದನ್ನ ಯಾವ ಕಿವಿಗೆ ಸಿಕ್ಕಿಸಲಿ?”

“ಇವಳು ಅಸಲಿ ರಾಣಿ,” ಅಂದಳು ಪತ್ತೇದಾರಿಣಿ.

“ಯಾವಳ್ರೀ ಅದು ನನ್ನ ರಾಣಿ ಅನ್ನೋಳು?” ಅಂದಿತು ಫೋನು. ಮಾಲೀಕರು ಮೆಲ್ಲಗೆ ಇಟ್ಟುಬಿಟ್ಟರು.

ಅವಳು ಹಲಗೆಯ ಸಾಲು ಬದಲಾಗುವವರೆಗೆ ಕಾದಳು. ಬದಲಾದ ತಕ್ಷಣ ಅದೇ ಆರ್ಡರನ್ನು ಮತ್ತೆ ಕಳಿಸಿದಳು.

ಈ ಸಲ ಫೋನು ಸದ್ದು ಮಾಡಲಿಲ್ಲ. ಪರದೆಯ ಮೇಲೆ ವಿನಯವಾಗಿ ಒಂದು ಸಾಲು ಮೂಡಿತು.

‘ನಿಮ್ಮ ಆರ್ಡರ್ ತಲುಪಿದೆ. ನಿಮ್ಮ ಲೋಕ ಬೆಳಗಲಿ!’

ಅತ್ತೆ ಮೇಜಿನ ಆ ಬದಿಯಲ್ಲಿ ಕೂತಲ್ಲಿಂದಲೇ ಕತ್ತು ಚಾಚಿದರು. ಪತ್ತೇದಾರಿಣಿ ಪರದೆಯ ಮೇಲೆ ಹೆಬ್ಬಾಗಿಲಿನ ಕಿಟಕಿ ತೆರೆದು, ಆ ಉತ್ತರ ಬಂದ ಹೊರಗಿನ ಲಕೋಟೆಯನ್ನು ಹುಡುಕಿದಳು. ಕಳಿಸಿದವರ ವಿಳಾಸ ಅಂಕಿಗಳಲ್ಲಿತ್ತು. ನಾಲ್ಕು ತುಂಡು, ನಡುವೆ ಮೂರು ಚುಕ್ಕಿ.

ಅವಳ ಕೈ ಅಲ್ಲೇ ನಿಂತಿತು.

ಆ ಅಂಕಿಗಳನ್ನು ಅವಳು ಹುಡುಕಿ ನೋಡಬೇಕಾಗಿರಲಿಲ್ಲ. ಅವನ್ನು ತನಗೆ ಕಾಯಂ ಆಗಿ ಕೊಡಿ ಎಂದು ಇಂಟರ್ನೆಟ್ಟಿನವರ ಜೊತೆ ಇಡೀ ಒಂದು ತಿಂಗಳು ಫೋನಿನಲ್ಲಿ ಜಗಳವಾಡಿದವಳು ಅವಳೇ. ಮನೆಯಲ್ಲಿ ಕೂತು ಕೆಲಸ ಮಾಡುವವಳಿಗೆ ವಿಳಾಸ ಬದಲಾಗುತ್ತಿದ್ದರೆ ಆಗದು ಎಂದು, ಒಬ್ಬೊಬ್ಬರಿಗೂ ಒಂದೊಂದೇ ಅಂಕಿ ಓದಿ ಹೇಳಿದ್ದಳು. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ತಪ್ಪದೆ ಹೇಳುವಷ್ಟು ಬಾಯಿಪಾಠವಾಗಿತ್ತು.

ಏಳು ಸಮುದ್ರ ದಾಟಿ, ಪೊಟರೆಗೆ ಕೈಹಾಕಿ, ಪಂಜರ ಹೊರಗೆಳೆದು ನೋಡಿದರೆ, ಪಂಜರ ತನ್ನದೇ ಮನೆಯ ತೊಲೆಗೆ ತೂಗುಹಾಕಿದ್ದು.

“ಸಿಕ್ತಾ?” ಅಂದರು ಮಾಲೀಕರು.

“ಸಿಕ್ತು.”

“ಎಲ್ಲಿ?”

ಅವಳು ಪುಟ್ಟಿಯ ಕಡೆ ನೋಡಿದಳು. ಪುಟ್ಟಿ ಉಗುರು ಬಿಟ್ಟು ಈಗ ಅತ್ತಿಗೆಯ ಕಣ್ಣನ್ನೇ ನೋಡುತ್ತಿದ್ದಳು. ಹೇಳಿದರೆ ಇವಳ ಕಥೆ ಮುಗಿಯಿತು: ನಕಲು ಮಾಡಿದವಳು ಇವಳು, ಗುಟ್ಟಿನ ಪದ ಗೊತ್ತಿದ್ದವಳು ಇವಳು, ಆ ಮನೆಯಲ್ಲಿ ಮಲಗಿ ಏಳುವವಳೂ ಇವಳು. ಹೇಳದಿದ್ದರೆ? ಗಾಜಿನಾಚೆ ಮೇಷ್ಟರು ಪ್ಲಾಸ್ಟಿಕ್ ತಲೆಗೆ ಕೊನೆಯ ಎಚ್ಚರಿಕೆ ಕೊಡುತ್ತಿದ್ದರು.

“ವಿಳಾಸ ಹೇಳಿ ಮೇಡಂ,” ಅಳಿಯ ಆಗಲೇ ಫೋನು ಕೈಗೆತ್ತಿಕೊಂಡಿದ್ದ. ಹೋಗಿದ್ದ ಬಣ್ಣ ಮುಖಕ್ಕೆ ಮರಳಿತ್ತು. “ಪೊಲೀಸರಿಗೆ ನಾನೇ ಹೇಳ್ತೀನಿ.”

ಸುಳ್ಳು ಹೇಳಲು ಪತ್ತೇದಾರಿಣಿಗೆ ಚೆನ್ನಾಗಿಯೇ ಬರುತ್ತಿತ್ತು. ಅತ್ತೆಯ ಜೊತೆ ಒಂದೇ ಮನೆಯಲ್ಲಿ ಇರುವ ಯಾರಿಗಾದರೂ ಬರುತ್ತದೆ. ಆದರೆ ಹುಡುಕಿ ಸಿಕ್ಕಿದ್ದನ್ನು ಸಿಗಲಿಲ್ಲ ಅನ್ನುವುದು ಅವಳ ನಾಲಿಗೆಗೆ ಒಗ್ಗಲಿಲ್ಲ.

“ನಮ್ಮ ಮನೆ,” ಅಂದಳು.

ಅತ್ತೆಗೆ ಮಾತು ಹೊರಡಲಿಲ್ಲ. ಅವರನ್ನು ಬಲ್ಲವರಿಗೆ ಅದು ಪೊಲೀಸರಿಗಿಂತ ಭಯ ಹುಟ್ಟಿಸುವ ಸಂಗತಿ.

“ನಾನು ಆನ್ ಮಾಡಿಲ್ಲ!” ಪುಟ್ಟಿ ಕೂಗಿದಳು. “ಅತ್ತಿಗೆ, ನಿಮ್ಮಾಣೆ, ನಾನು ಅದನ್ನ ಆನ್ ಮಾಡಿಲ್ಲ!”

“ಮನೆಗೆ ತಂದದ್ದು?”

“ತಂದದ್ದು ನಾನು. ಚೆನ್ನಾಗಿರೋ ಕಂಪ್ಯೂಟರ್, ಗುಜರಿಗೆ ಹಾಕೋಕೆ ಮನಸ್ಸಾಗಲಿಲ್ಲ. ಅಟ್ಟದ ಮೇಲೆ ಇಟ್ಟಿದ್ದೆ. ಆಮೇಲೆ ಕೇಳಿದರು ಅಂತ…” ಅವಳು ಅಮ್ಮನ ಮುಖ ನೋಡಿದವಳೇ ಬಾಯಿ ಮುಚ್ಚಿಕೊಂಡಳು.

“ಯಾರು ಕೇಳಿದರು?”

ಪುಟ್ಟಿ ಮತ್ತೆ ಉಗುರಿಗೆ ಮರಳಿದಳು.

ಅತ್ತೆಯ ಗಂಟಲು ಮರಳಿತು. “ಎಲ್ಲಾ ಬೊಗಳೆ. ಮನೆಗೆ ನಾನೇ ಕೈಯಾರೆ ಬೀಗ ಹಾಕಿ ಬಂದಿದ್ದೀನಿ. ಇವಳು ಇಲ್ಲಿದ್ದಾಳೆ, ನೀನು ಇಲ್ಲಿದ್ದೀಯ, ನಾನು ಇಲ್ಲಿದ್ದೀನಿ. ನನ್ನ ಮಗ ನಿನ್ನೆ ಬೆಳಿಗ್ಗೆ ಪರಊರಿಗೆ ಕೆಲಸದ ಮೇಲೆ ಹೋದ. ಹೊತ್ತು ಹೊತ್ತಿಗೆ ತಿನ್ನಪ್ಪಾ ಅಂತ ಹೇಳಿ ನಾನೇ ಬಸ್ಸು ಹತ್ತಿಸಿ ಬಂದೆ. ಖಾಲಿ ಮನೆಯಲ್ಲಿ ಕಂಪ್ಯೂಟರ್ ತಾನೇ ಎದ್ದು ಸ್ವಿಚ್ ಹಾಕಿಕೊಳ್ತಾ?”

ಆಗ ಪರದೆ ಟಿಣ್ ಎಂದಿತು.

ಆರ್ಡರಿನ ಅಡಿಯಲ್ಲಿ ಒಂದು ಖಾಲಿ ಚೌಕವಿರುತ್ತದೆ. ಗಾಜು ಕೊರೆಯುವವರಿಗೆ ಸಂದೇಹ ಬಂದರೆ ಅಂಗಡಿಯವರನ್ನು ಅಲ್ಲಿ ಕೇಳಬಹುದು. ಮೆಷೀನು ಅದನ್ನು ತುಂಬುವುದಿಲ್ಲ, ಮನುಷ್ಯರೇ ಬೆರಳಿಟ್ಟು ಬರೆಯಬೇಕು. ನಕಲಿ ಕಾರ್ಖಾನೆಯಿಂದ ಬಂದ ಯಾವ ಉತ್ತರದಲ್ಲೂ ಇಲ್ಲಿಯವರೆಗೆ ಆ ಚೌಕ ತುಂಬಿರಲಿಲ್ಲ.

ಈಗ ಒಂದೊಂದೇ ಸಾಲು ಬಂದು ಅದು ತುಂಬುತ್ತಿತ್ತು.

‘ಮೂರನೇ ಗಾಜು ಕೇಳುವಷ್ಟು ತಲೆಹರಟೆ ಈ ಊರಿನಲ್ಲಿ ಒಬ್ಬಳಿಗೇ ಇರುವುದು.’

ಸ್ವಲ್ಪ ಬಿಡುವು.

‘ನೀನು ಅಲ್ಲಿಯವರೆಗೆ ಹೋಗುತ್ತೀಯ ಅಂದುಕೊಂಡಿರಲಿಲ್ಲ. ಆರ್ಡರುಗಳೆಲ್ಲ ಹಾಗೇ ಇವೆ, ಒಂದನ್ನೂ ಮುಟ್ಟಿಲ್ಲ. ಪುಟ್ಟಿಯದೇನೂ ತಪ್ಪಿಲ್ಲ. ಯಾಕೆ ಹೀಗೆ ಮಾಡಿದೆ ಅಂತ ಸಂಜೆ ಹೇಳುತ್ತೇನೆ, ಒಬ್ಬಳೇ ಬಾ.’

ಪತ್ತೇದಾರಿಣಿಯ ಕಣ್ಣು ಕೊನೆಯ ಸಾಲಿನ ಮೇಲೆ ನಿಂತಿತು.

‘ಅಮ್ಮ ಪಕ್ಕದಲ್ಲಿದ್ದರೆ ಮಾತ್ರ, ದಮ್ಮಯ್ಯ, ಇದನ್ನು ಓದಿ ಹೇಳಬೇಡ.’

ಅಳಿಯ ಪರದೆಯ ಕಡೆಗೆ ಎರಡು ಹೆಜ್ಜೆ ಇಟ್ಟ. ಪುಟ್ಟಿ ಅವನಿಗೆ ಅಡ್ಡ ಬಂದು ನಿಂತಳು. ಮಾಲೀಕರು ಯಾವ ಕನ್ನಡಕ ಹಾಕಿಕೊಳ್ಳುವುದೆಂದು ತಡವರಿಸಿದರು.

ಮೇಜಿನ ಆ ಬದಿಯಿಂದ ಅತ್ತೆ ಸೆರಗು ಬಿಗಿದುಕೊಂಡು ಎದ್ದರು.

“ಏನು ಬರೆದಿದ್ದಾನೆ ಕಳ್ಳ? ಓದೇ, ಜೋರಾಗಿ ಓದು. ನನ್ನ ಮನೆಯಲ್ಲಿ ಕೂತು ನನ್ನ ಮಗಳ ಕುತ್ತಿಗೆಗೆ ತಂದವನು ಯಾರು ಅಂತ ಈ ಕೋಣೆಯಲ್ಲಿ ಇರೋರೆಲ್ಲಾ ಕೇಳಿಸಿಕೊಳ್ಳಲಿ.”